ರೋಮಿಯೋ ನಾಟಕದ ಮಾತಿನ ವರಸೆ

ಮಾನವಿ ತಾಲ್ಲೂಕಿನ ಚೀಕಲಪರ್ವಿ ಎಂದೊಡನೆ ನಿಮಗೆ ವಿಜಯದಾಸರ (1682–1755) ನೆನಪಾಗುವುದು ಸಹಜ. ಅವರು ಗುರುವೆಂದು ನಂಬಿದ್ದು ಪುರಂದರದಾಸರನ್ನು. ಪುರಂದರರ ‘ರಾಗಿ ತಂದಿರಾ’ ಪದವನ್ನು ಕೇಳಿ ಬೆಳೆದ ಮಕ್ಕಳಿಗೆ ಶ್ಲೇಷೆಯ ಲಕ್ಷಣವನ್ನು ಸೂತ್ರ ಹಾಕಿ ಕಲಿಸಬೇಕಾಗಿಲ್ಲ. ಭಿಕ್ಷೆಯ ಜೋಳಿಗೆಗೆ ಬೀಳುವ ಧಾನ್ಯವೂ ರಾಗಿಯೇ, ‘ಒಳ್ಳೆಯವರಾಗಿ’ ಎಂಬ ಹಾರೈಕೆಯ ಬಾಲವೂ ರಾಗಿಯೇ. ಜೋಳ ಉಣ್ಣುವ ಸೀಮೆಯಲ್ಲೂ ಈ ರಾಗಿ ಚೆನ್ನಾಗಿಯೇ ಅರಗುತ್ತದೆ!

ಇದೇ ಮಕ್ಕಳು ಕಾಲೇಜಿಗೆ ಬಂದು ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ಓದುವಾಗ, ಅಲ್ಲಿನ ಮಾತಿನಾಟವನ್ನು ಅಡಿಟಿಪ್ಪಣಿಗೆ ಬಿಟ್ಟು ಮುಂದೆ ಸಾಗುವುದುಂಟು. ದುರಂತ ಪ್ರೇಮಕಥೆಗೂ ಕುಚೋದ್ಯಕ್ಕೂ ಏನು ಸಂಬಂಧವೆಂದು ನೀವೂ ಕೇಳಬಹುದು. ಸಂಬಂಧವಿರುವುದು ಮನೆತನಗಳ ಹಗೆಯೊಡನೆ. ಮಾಂಟೆಗ್ಯೂ, ಕ್ಯಾಪ್ಯುಲೆಟ್ ಮನೆಗಳಿಗೆ ವೈರ ಹುಟ್ಟಿದ್ದೇಕೆಂದು ಕವಿ ಎಲ್ಲಿಯೂ ಹೇಳುವುದಿಲ್ಲ. ಮೊದಲ ದೃಶ್ಯದಲ್ಲಿ ಕಾಣುವವರು ಕ್ಯಾಪ್ಯುಲೆಟ್ ಮನೆಯ ಇಬ್ಬರು ಆಳುಗಳು. ಇದ್ದಿಲು, ಸಿಟ್ಟು, ಕೊರಳ ಕುಣಿಕೆ, ಇಂಗ್ಲಿಷಿನಲ್ಲಿ ಈ ಮೂರಕ್ಕೂ ಇರುವ ಹೆಸರುಗಳು ಕಿವಿಗೆ ಹತ್ತಿರ ಹತ್ತಿರ. ಅವನ್ನೇ ಚೆಂಡಿನಂತೆ ಎಸೆದಾಡುತ್ತಾರೆ. ಎದುರು ಮನೆಯ ಆಳುಗಳು ಬಂದೊಡನೆ ಅದೇ ನಾಲಿಗೆಯ ಚಪಲ ಕತ್ತಿಗಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕಥೆ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಿತು. ಪಾತ್ರಗಳ ಹೆಸರು ಬದಲಿಸಿದಷ್ಟು ಸುಲಭವಲ್ಲ, ಶ್ಲೇಷೆಯನ್ನು ಬದಲಿಸುವುದು. ಮೂರನೆಯ ಅಂಕದ ಮರ್ಕ್ಯೂಷಿಯೋನನ್ನೇ ನೋಡಿ. ಅವನು ಎರಡು ಮನೆಗೂ ಸೇರಿದವನಲ್ಲ. ರಾಜನ ಬಂಧು, ರೋಮಿಯೋನ ಗೆಳೆಯ. ಜಗಳ ಬಿಡಿಸಲು ರೋಮಿಯೋ ನಡುವೆ ಬಂದಾಗ ಅವನ ತೋಳಿನಡಿಯಿಂದ ಟಿಬಾಲ್ಟನ ಕತ್ತಿ ಗೆಳೆಯನನ್ನು ತಿವಿಯುತ್ತದೆ. ಸಾಯುವ ಹೊತ್ತಿನಲ್ಲೂ ಮರ್ಕ್ಯೂಷಿಯೋ ‘ಗ್ರೇವ್’ ಎಂಬ ಮಾತಿನೊಡನೆ ಆಡುತ್ತಾನೆ; ಅದಕ್ಕೆ ಗಂಭೀರವೆಂದೂ ಅರ್ಥ, ಗೋರಿಯೆಂದೂ ಅರ್ಥ.

ಎರಡೂ ಅರ್ಥವನ್ನು ಹಲಗೆಯ ಮೇಲೆ ಬರೆದರೆ ಮಾತು ಅಲ್ಲೇ ಸಾಯುತ್ತದೆ. ಮೊದಲು ಕನ್ನಡದಲ್ಲೇ ಒಂದನ್ನು ಹುಡುಕಿಸುವುದು ಮೇಲೆಂದು ನನ್ನ ಎಣಿಕೆ. ‘ನಾಳೆ ಬಂದು ನೋಡು, ಪೂರ್ತಿ ತಣ್ಣಗಾಗಿರುತ್ತೇನೆ’ ಎಂದು ಒಬ್ಬ ಹುಡುಗನಿಂದ ಗಟ್ಟಿಯಾಗಿ ಹೇಳಿಸಿ. ಸಿಟ್ಟಿಳಿದವನೂ ತಣ್ಣಗಾಗುತ್ತಾನೆ, ಉಸಿರು ನಿಂತವನೂ ತಣ್ಣಗಾಗುತ್ತಾನೆ. ನಗು ಬಂದ ಮರುಕ್ಷಣವೇ ನಿಲ್ಲುತ್ತದೆ. ಗಾಯ ದೊಡ್ಡದಲ್ಲವೆಂದು ಧೈರ್ಯ ಹೇಳುವ ರೋಮಿಯೋನಿಗೂ ಆಗುವುದು ಹಾಗೆಯೇ. ಎರಡೂ ಮನೆಗಳಿಗೆ ಶಾಪವಿತ್ತು ಮರ್ಕ್ಯೂಷಿಯೋ ಸಾಯುತ್ತಾನೆ. ರೋಮಿಯೋ ಟಿಬಾಲ್ಟನನ್ನು ಕೊಂದು ಗಡೀಪಾರಾಗುತ್ತಾನೆ. ವಿನೋದದಂತೆ ನಡೆಯುತ್ತಿದ್ದ ನಾಟಕ ಅಲ್ಲಿಂದ ಗೋರಿಯತ್ತ ಓಡುತ್ತದೆ.

ಎಂದಾದರೂ ಈ ನಾಟಕ ರೇಡಿಯೋದಲ್ಲಿ ಬಂದರೆ ಪುಸ್ತಕ ಮುಚ್ಚಿಟ್ಟು ಕೇಳಿ. ಆಳುಗಳ ದನಿಯಲ್ಲಿ ಆಟ ಮುಗಿದು ಹಗೆ ಮೊದಲಾದದ್ದು ಯಾವ ಮಾತಿನಲ್ಲಿ ಎಂದು ಮನೆಯ ಮಕ್ಕಳನ್ನೂ ಕೇಳಿ.