ಮೂತ್ರನಳಿಕೆ: ಗೊಂಬೆಯ ಮೇಲೆ ಪಳಗುವ ಕೈ

ಕಟ್ಟಿಕೊಂಡ ಮೂತ್ರವನ್ನು ಹೊರತೆಗೆಯಲು ಮೂತ್ರಕೋಶಕ್ಕೆ ಇಳಿಸುವ ಮೆದು ಕೊಳವೆಯೇ ಮೂತ್ರನಳಿಕೆ, ಅಂದರೆ ಕ್ಯಾತಿಟರ್. ಆಡುಮಾತಿನಲ್ಲಿ ಅದು ಬರೀ ‘ಪೈಪು’. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರದ ದಾರಿಯನ್ನು ಒತ್ತಿದರೆ ಕಿಬ್ಬೊಟ್ಟೆ ಉಬ್ಬಿ, ಕೂತರೂ ನಿಂತರೂ ತಡೆಯಲಾಗದ ನೋವು. ಪಿರಿಯಾಪಟ್ಟಣದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್, ಎಚ್.ಡಿ. ಕೋಟೆಯಾಚೆ ಡಿ.ಬಿ. ಕುಪ್ಪೆ ಕಡೆಯ ಹಾಡಿಗಳಿಂದ ಇನ್ನೂ ದೂರ. ಆ ನೋವಿನಲ್ಲಿ ಅಷ್ಟು ದಾರಿ ಸವೆಸುವಂತಾಗಬಾರದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೇ ಈ ಕೆಲಸ ಬಲ್ಲ ನರ್ಸ್, ವೈದ್ಯರು ಬೇಕು.

ಕಲಿಕೆಗೆ ಬಳಸುವುದು ಸೊಂಟದ ಭಾಗದ ಮಾದರಿ ಗೊಂಬೆ. ಹೊರಗೆ ಚರ್ಮದಂತಹ ಮೆದು ಹೊದಿಕೆ, ಒಳಗೆ ನೀರು ತುಂಬಿದ ಮೂತ್ರಕೋಶ. ನಳಿಕೆ ಸರಿಯಾಗಿ ತಲುಪಿದರೆ ನೀರು ಹರಿಯುತ್ತದೆ. ಹೆಣ್ಣು, ಗಂಡು ಎರಡೂ ಮಾದರಿಗಳು ಬೇಕೇ ಬೇಕು: ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ, ಗಂಡಿನದು 20ರ ಆಸುಪಾಸು, ಬಳುಕು ಬೇರೆ. 2019ರ ವೈದ್ಯಕೀಯ ಪಠ್ಯಕ್ರಮದಿಂದ ಕಾಲೇಜುಗಳಲ್ಲಿ ಇಂತಹ ಮಾದರಿಗಳ ಮೇಲೆ ಪಳಗುವ ಕೌಶಲ ಪ್ರಯೋಗಾಲಯ ಕಡ್ಡಾಯವಾಗಿದೆ.

ಮೊದಲ ಪಾಠ ಆಯ್ಕೆಯದು. ನಳಿಕೆಯ ದಪ್ಪವನ್ನು 19ನೇ ಶತಮಾನದ ಪ್ಯಾರಿಸ್ಸಿನ ಶಸ್ತ್ರೋಪಕರಣ ತಯಾರಕ ಚಾರಿಯೇರ್ ರೂಪಿಸಿದ ‘ಫ್ರೆಂಚ್’ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. 16 ಎಂದರೆ 5.3 ಮಿಲಿಮೀಟರ್. ತುದಿಯ ಬಣ್ಣ ನೋಡಿದರೂ ಸಾಕು: 14 ಹಸಿರು, 16 ಕಿತ್ತಳೆ, 18 ಕೆಂಪು. ಸಾಮಾನ್ಯವಾಗಿ ಹೆಂಗಸರಿಗೆ 12–14, ಗಂಡಸರಿಗೆ 14–16. ದಪ್ಪ ನಳಿಕೆ ಹೆಚ್ಚು ಭದ್ರ ಎಂಬುದು ತಪ್ಪು. ಮೂತ್ರ ಸರಾಗವಾಗಿ ಹರಿಯುವಷ್ಟು ಸಣ್ಣದೇ ನಾಳಕ್ಕೆ ಹಿತ. ರಕ್ತದ ಗರಣೆಗಳಿದ್ದಾಗ ಮಾತ್ರ ದಪ್ಪನೆಯದು ಬೇಕಾಗುತ್ತದೆ. ಕೆಲವು ದಿನಗಳ ಬಳಕೆಗೆ ಲೇಟೆಕ್ಸ್ ಸಾಕು. ವಾರಗಟ್ಟಲೆ ಇರಬೇಕಾದರೆ, ಅಥವಾ ರೋಗಿಗೆ ರಬ್ಬರ್ ಒಗ್ಗದಿದ್ದರೆ ಸಿಲಿಕೋನ್.

ಎರಡನೆಯದು ಶುಚಿ. ಕ್ರಿಮಿನಾಶಕ ಪೊವಿಡೋನ್ ಅಯೋಡಿನ್ ಕಲೆ ಹಿಡಿಸುತ್ತದೆಂದು ಗೊಂಬೆಯನ್ನು ನೀರಿನಲ್ಲಿ ಒರೆಸುವುದುಂಟು. ನೀರಾದರೂ ಒರೆಸುವ ಕ್ರಮ ಅದೇ ಇರಬೇಕು, ಏಕೆಂದರೆ ಗೊಂಬೆಯ ಮುಂದೆ ರೂಢಿಯಾದ ಉದಾಸೀನ ವಾರ್ಡಿಗೂ ಬರುತ್ತದೆ. ಒಂದು ಕೈ ಅಂಗವನ್ನು ಹಿಡಿದ ಮೇಲೆ ಅದು ಶುದ್ಧವಲ್ಲ. ನಳಿಕೆಯನ್ನು ಮುಟ್ಟುವುದು ಇನ್ನೊಂದೇ ಕೈ.

ಗಂಡಸರಲ್ಲಿ ನೋವು ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿಯನ್ನು ಮೂತ್ರನಾಳಕ್ಕೇ ತುಂಬಿ ಮೂರರಿಂದ ಐದು ನಿಮಿಷ ಕಾಯಬೇಕು. ಗೊಂಬೆಗೆ ನೋವಿಲ್ಲದ ಕಾರಣ ಕಲಿಯುವವರು ಹಾರಿಸುವುದು ಈ ಕಾಯುವಿಕೆಯನ್ನೇ. ಗಡಿಯಾರ ಹಿಡಿದು ಕಾಯಿಸುವ ಶಿಕ್ಷಕರು ದೊಡ್ಡ ಉಪಕಾರ ಮಾಡುತ್ತಾರೆ. ಆಮೇಲೆ ಶಿಶ್ನವನ್ನು ನೇರ ಮೇಲಕ್ಕೆ ಹಿಡಿದು, ನಳಿಕೆಯನ್ನು ಅದು ಕವಲೊಡೆಯುವ ಜಾಗದವರೆಗೂ ಇಳಿಸಬೇಕು. ಅಮೆರಿಕದ ಫ್ರೆಡೆರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ನಳಿಕೆಯ ತುದಿಯಲ್ಲಿ ಪುಟ್ಟ ಬಲೂನು ಇದೆ. ಅದು ಕೋಶದೊಳಗೆ ಉಬ್ಬಿದರೆ ನಳಿಕೆ ಜಾರದು, ನಾಳದೊಳಗೇ ಉಬ್ಬಿದರೆ ನಾಳ ಹರಿದು ರಕ್ತ ಸೋರಿ ಮುಂದೆ ದಾರಿ ಕಿರಿದಾಗಬಹುದು. ಮೂತ್ರ ಕಾಣುವ ಮೊದಲು ಸಿರಿಂಜ್ ಒತ್ತುವಂತಿಲ್ಲ. ಬಲೂನಿಗೆ ತುಂಬುವುದು ಕ್ರಿಮಿರಹಿತ (ಸ್ಟೆರೈಲ್) ನೀರು, ದೊಡ್ಡವರಿಗೆ ಸಾಮಾನ್ಯವಾಗಿ 10 ಮಿಲಿಲೀಟರ್; ಸಲೈನ್ ಹರಳುಗಟ್ಟಿ, ತೆಗೆಯುವಾಗ ಬಲೂನು ಬತ್ತದೆ ಉಳಿಯಬಹುದು. ಹಿಂದೆ ಸರಿಸಿದ ಮುಂದೊಗಲನ್ನು ಮರಳಿ ಮುಂದಕ್ಕೆ ತರದಿದ್ದರೆ ಅದು ಬಿಗಿದು ಊದಿಕೊಳ್ಳುತ್ತದೆ.

ಗೊಂಬೆ ಕಲಿಸಲಾರದ್ದೂ ಇದೆ. ಹಿಗ್ಗಿದ ಪ್ರಾಸ್ಟೇಟ್ ಎದುರಾದಾಗ ಬೆರಳಿಗೆ ತಿಳಿಯುವ ತಡೆಯನ್ನು ಅನುಭವಿಗಳ ಪಕ್ಕದಲ್ಲೇ ನಿಂತು ಕಲಿಯಬೇಕು. ಅಲ್ಲಿ ಬಲಪ್ರಯೋಗ ಸಲ್ಲ, ತುದಿ ಬಾಗಿದ ನಳಿಕೆ ಕೆಲವೊಮ್ಮೆ ನೆರವಾಗುತ್ತದೆ. ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದವರ ಮೂತ್ರದ್ವಾರದಲ್ಲಿ ರಕ್ತ ಕಂಡರೆ ನಳಿಕೆ ಹಾಕಲು ಯತ್ನಿಸದೆ ತಜ್ಞರಲ್ಲಿಗೆ ಕಳಿಸಬೇಕು.

ಮನೆಯವರಿಗೆ ತಿಳಿಹೇಳುವುದನ್ನೂ ತರಬೇತಿಯಲ್ಲೇ ಅಭ್ಯಾಸ ಮಾಡಬೇಕು. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲ ಮುಟ್ಟದಿರಲಿ. ಬಸ್ಸಿನಲ್ಲಿ ಊರಿಗೆ ಮರಳುವಾಗ ಅದನ್ನು ಮಡಿಲ ಮೇಲೆ ಇಟ್ಟುಕೊಂಡರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತರಬಹುದು. ನಳಿಕೆ ಬದಲಿಸಬೇಕಾದ ತಾರೀಖನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಡಬೇಕು.