ಹಿಡಿ ಹಳೆಯದು, ಮೊಳೆ ಹೊಸದು

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಹೊರಟರೆ ಹಿನಕಲ್ ದಾಟಿದ ಮೇಲೆ ಸಿಗುವುದು ಹೂಟಗಳ್ಳಿ. ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರು ಕೈಗಾರಿಕಾ ಪ್ರದೇಶವಾಗಿ ಬೆಳೆದದ್ದು ಕಳೆದ ನಾಲ್ಕು ದಶಕಗಳಲ್ಲಿ. ಲಾರಿ, ಬಸ್ಸುಗಳಿಗೆ ಆಕ್ಸಲ್ ತಯಾರಿಸುವ ಆಟೊಮೋಟಿವ್ ಆಕ್ಸಲ್ಸ್ ಇರುವುದು ಇಲ್ಲಿಯೇ. ಇಂಥ ಪ್ರದೇಶದ ಯಾವ ಯಂತ್ರದ ಅಂಗಡಿಗೆ ಹೋದರೂ ಒಂದು ನೋಟ ಕಾಣುತ್ತದೆ. ಲೇತ್ ಮುಂದೆ ನಿಂತವರು ಒಂದು ಪುಟ್ಟ ತಿರುಪು ಸಡಿಲಿಸಿ, ಬೆರಳುಗುರಿನಷ್ಟು ದೊಡ್ಡ ಕಾರ್ಬೈಡ್ ಬಿಲ್ಲೆಯನ್ನು ತೆಗೆದು ಇನ್ನೊಂದನ್ನು ಕೂರಿಸುತ್ತಾರೆ. ಅದಕ್ಕೆ ಇನ್ಸರ್ಟ್ ಎಂದು ಹೆಸರು. ಉಕ್ಕನ್ನು ಕೊರೆಯುವ ಕೆಲಸವೆಲ್ಲ ಆ ಬಿಲ್ಲೆಯದು. ಅದನ್ನು ಹಿಡಿದುಕೊಂಡಿರುವ ಉಕ್ಕಿನ ಹೋಲ್ಡರ್ ವರ್ಷಗಟ್ಟಲೆ ಅದೇ ಇರುತ್ತದೆ, ಬಿಲ್ಲೆ ಮಾತ್ರ ಸವೆದಂತೆಲ್ಲ ಬದಲಾಗುತ್ತದೆ. ಹೊಸ ಬಿಲ್ಲೆ ಕೂರಿಸುವ ಮುನ್ನ ಅದರ ಪೀಠವನ್ನು ಒರೆಸುವುದನ್ನು ಒಳ್ಳೆಯ ಕೆಲಸಗಾರ ಮರೆಯುವುದಿಲ್ಲ. ಕೂದಲೆಳೆಯಷ್ಟು ಉಕ್ಕಿನ ಚೂರು ಅಡಿಯಲ್ಲಿ ಸಿಕ್ಕಿಕೊಂಡರೂ ಅಳತೆ ತಪ್ಪುತ್ತದೆ, ಮಾಲು ಕೆಡುತ್ತದೆ.

ಇದು ಕಾರ್ಖಾನೆ ತಂದ ಹೊಸ ಜಾಣ್ಮೆಯೇನೂ ಅಲ್ಲ. ನೇಗಿಲಿನ ಗುಳ ಸವೆದರೆ ರೈತ ಗುಳವನ್ನಷ್ಟೇ ಬದಲಿಸುತ್ತಿದ್ದ. ಗುದ್ದಲಿಯಲ್ಲಿ ಇದರ ತಿರುವುಮುರುವು: ಕಬ್ಬಿಣ ಉಳಿಯುತ್ತದೆ, ಕಾವು ಬದಲಾಗುತ್ತದೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಎರಡೂ ಎಲ್ಲಿ ಕೂಡಬೇಕು ಎನ್ನುವ ಪ್ರಶ್ನೆ ಎಲ್ಲ ಹತಾರಗಳದ್ದೂ ಹೌದು. ಇದೇ ಪ್ರಶ್ನೆ ಆಪರೇಷನ್ ಥಿಯೇಟರಿಗೆ ಬಂದಾಗ ಮಾತ್ರ ಕೆಡುವುದು ಮಾಲಲ್ಲ, ಮನುಷ್ಯನ ಹೊಟ್ಟೆ. ಶಸ್ತ್ರವೈದ್ಯರ ಸ್ಟೇಪ್ಲರಿನ ಕಥೆ ಬಹುಮಟ್ಟಿಗೆ ಈ ಕೂಡುವ ಜಾಗದ ಕಥೆಯೇ.

ಕಚೇರಿಯ ಕಾಗದಕ್ಕೆ ಪಿನ್ನು ಹೊಡೆಯುವ ಸ್ಟೇಪ್ಲರ್ ಎಲ್ಲರಿಗೂ ಗೊತ್ತು. ಕರುಳು, ಜಠರ, ಶ್ವಾಸಕೋಶಗಳ ತುದಿಗಳನ್ನು ಮುಚ್ಚಲು ಅಥವಾ ಜೋಡಿಸಲು ಬಳಸುವ ಸ್ಟೇಪ್ಲರ್ ಅದರ ದೂರದ ನೆಂಟ. ಕರುಳಿನ ರೋಗಗ್ರಸ್ತ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಎರಡು ತುದಿಗಳನ್ನು ಕೂಡಿಸಬೇಕು. ಆ ಜೋಡಣೆ ನಾಲ್ಕೈದು ದಿನಗಳ ಬಳಿಕ ಎಲ್ಲಾದರೂ ಸೋರಿದರೆ ಕರುಳಿನಲ್ಲಿರುವುದೆಲ್ಲ ಹೊಟ್ಟೆಯೊಳಗೆ ಹರಡಿ ನಂಜಾಗುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ತೀರಾ ಬಿಗಿಯಾದರೆ ಅಂಚಿಗೆ ರಕ್ತ ಹರಿಯದೆ ಅದು ಸತ್ತು ಸೋರುತ್ತದೆ. ಸಡಿಲವಾದರೆ ಕೂಡಲೇ ಸೋರುತ್ತದೆ. ಸೂಜಿ ದಾರದಿಂದ ಹೊಲಿಯುವ ವೈದ್ಯರ ಬೆರಳು ಈ ಹದವನ್ನು ಅನುಭವದಿಂದ ಕಲಿತಿರುತ್ತದೆ. ಯಂತ್ರಕ್ಕೆ ಆ ಹದವನ್ನು ಮಿಲಿಮೀಟರಿನಲ್ಲಿ ಹೇಳಿಕೊಡಬೇಕು.

ದಾರವಿಲ್ಲದೆ ಕರುಳನ್ನು ಕೂಡಿಸುವ ಯೋಚನೆ ಮಾತ್ರ ಬಹಳ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗಗಳ ಸಂದರ್ಭದಲ್ಲಿ ಒಂದು ವಿಧಾನವಿದೆ. ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ ಹಿಡಿದು ಕಪ್ಪು ಇರುವೆಗಳಿಂದ ಕಚ್ಚಿಸಬೇಕು, ಕಚ್ಚಿದ ಮೇಲೆ ಅವುಗಳ ಮೈಯನ್ನು ಕಿತ್ತು ತಲೆಯನ್ನಷ್ಟೇ ಅಲ್ಲಿ ಉಳಿಸಬೇಕು. ಅಚ್ಚರಿಯ ಮಾತೆಂದರೆ ಇಂದಿನ ಸ್ಟೇಪ್ಲರಿನ ತತ್ವ ಪೂರ್ತಿ ಇಲ್ಲಿದೆ. ಕಚ್ಚುವ ಭಾಗ ಒಳಗೆ ಉಳಿಯುತ್ತದೆ, ಕಚ್ಚಿಸಿದ ಭಾಗ ಹೊರಗೆ ಹೋಗುತ್ತದೆ. ಇರುವೆಯ ಮೈಯನ್ನು ಮತ್ತೆ ಬಳಸುವಂತಿರಲಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಯಂತ್ರ ಬಂದದ್ದು 1908ರಲ್ಲಿ, ಹಂಗೇರಿಯಲ್ಲಿ. ಬುಡಾಪೆಸ್ಟಿನ ಶಸ್ತ್ರವೈದ್ಯ ಹ್ಯೂಮರ್ ಹುಲ್ಟ್ಲ್ ತಮ್ಮ ಕಲ್ಪನೆಯನ್ನು ಉಪಕರಣಗಳ ತಯಾರಕ ವಿಕ್ಟರ್ ಫಿಷರ್ ಕೈಯಲ್ಲಿ ಮಾಡಿಸಿದರು. ಜಠರದ ಶಸ್ತ್ರಕ್ರಿಯೆಗಾಗಿ ರೂಪಿಸಿದ ಆ ಉಪಕರಣ ಉಕ್ಕಿನ ತಂತಿಯ ಪಿನ್ನುಗಳನ್ನು ಸಾಲುಸಾಲಾಗಿ ಚುಚ್ಚಿ ಇಂಗ್ಲಿಷಿನ ‘ಬಿ’ ಅಕ್ಷರದಂತೆ ಬಗ್ಗಿಸುತ್ತಿತ್ತು. ಕಲ್ಪನೆ ಅದ್ಭುತ, ಬಳಕೆ ದುಸ್ತರ. ತೂಕ ಮೂರು ಕಿಲೋಗೂ ಹೆಚ್ಚು. ಬಿಡಿಭಾಗಗಳನ್ನು ಜೋಡಿಸಿ ಪಿನ್ನುಗಳನ್ನು ಒಂದೊಂದಾಗಿ ತುಂಬಲು ಸುಮಾರು ಎರಡು ಗಂಟೆ ಬೇಕಾಗುತ್ತಿತ್ತು. ಒಮ್ಮೆ ಒತ್ತಿದರೆ ಮುಗಿಯಿತು, ಮತ್ತೆ ತುಂಬುವ ವೇಳೆಗೆ ರೋಗಿಯ ಕಥೆ ಏನಾಗಬೇಕು? ಅವರದೇ ನಾಡಿನ ಅಲಾಡಾರ್ ಪೆಟ್ಜ್ 1921ರ ಹೊತ್ತಿಗೆ ಹಗುರವಾದ, ಸರಳವಾದ ಉಪಕರಣವನ್ನು ತಂದರು. ಅದು ಹಲವು ದೇಶಗಳಿಗೆ ಹರಡಿತು. ಆದರೂ ತುಂಬುವ ಕಷ್ಟ ಉಳಿದೇ ಇತ್ತು.

ತುಂಬುವ ಕೆಲಸವನ್ನು ಥಿಯೇಟರಿನಿಂದ ಹೊರಗೆ ಹಾಕಿದವರು ಜರ್ಮನಿಯ ಉಲ್ಮ್ ನಗರದ ಫ್ರೀಡ್ರಿಶ್. ಪಿನ್ನುಗಳನ್ನು ಮೊದಲೇ ತುಂಬಿಟ್ಟ ಒಂದು ಪೆಟ್ಟಿಗೆ, ಅಂದರೆ ಕಾರ್ಟ್ರಿಜ್. ಅದು ಖಾಲಿಯಾದರೆ ಕಳಚಿ ಇನ್ನೊಂದನ್ನು ಸಿಕ್ಕಿಸಿದರಾಯಿತು. ಇದು 1934ರ ಮಾತು. ಹಿಡಿ ಬೇರೆ, ಬಾಯಿ ಬೇರೆ ಎಂಬ ವಿಭಜನೆ ಅಲ್ಲಿಂದ ಶುರುವಾಯಿತು. ಯೂರೋಪ್ ಬಹುಬೇಗ ಯುದ್ಧಕ್ಕೆ ಇಳಿದದ್ದರಿಂದಲೋ ಏನೋ, ಆ ಹೊಳಹು ಹೆಚ್ಚು ದೂರ ಹೋಗಲಿಲ್ಲ.

ಮುಂದಿನ ಹೆಜ್ಜೆ ಇಟ್ಟದ್ದು ಸೋವಿಯತ್ ಒಕ್ಕೂಟ. ಶಸ್ತ್ರಕ್ರಿಯೆಯ ಉಪಕರಣಗಳಿಗಾಗಿಯೇ 1951ರಲ್ಲಿ ಮಾಸ್ಕೋದಲ್ಲಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿ, ರಕ್ತನಾಳಕ್ಕೊಂದು, ಶ್ವಾಸಕೋಶಕ್ಕೊಂದು, ಕರುಳಿಗೊಂದು ಎಂಬಂತೆ ಬಗೆಬಗೆಯ ಸ್ಟೇಪ್ಲರುಗಳನ್ನು ರೂಪಿಸಿತು. ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ರಾವಿಚ್ 1958ರಲ್ಲಿ ಅಲ್ಲಿಗೆ ಹೋದಾಗ ಕೀವ್ ನಗರದಲ್ಲಿ ನಿಕೊಲಾಯ್ ಅಮೊಸೊವ್ ಅವರ ಆಸ್ಪತ್ರೆಯಲ್ಲಿ ಇಂಥದೊಂದು ಉಪಕರಣ ಕೆಲಸ ಮಾಡುವುದನ್ನು ಕಂಡು ಬೆರಗಾದರು. ಲೆನಿನ್‌ಗ್ರಾಡಿನ ಅಂಗಡಿಯೊಂದರಲ್ಲಿ ಒಂದನ್ನು ಕೊಂಡು ಊರಿಗೆ ಒಯ್ದರು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ವೈದ್ಯರೊಬ್ಬರ ಚೀಲದಲ್ಲಿ ಸೋವಿಯತ್ ಸ್ಟೇಪ್ಲರ್!

ಆ ಉಪಕರಣಗಳು ಗಟ್ಟಿಮುಟ್ಟಾಗಿದ್ದವು, ನೂರಾರು ಸಲ ಬಳಸಬಹುದಿತ್ತು. ಆದರೆ ಒಂದೊಂದನ್ನೂ ಕೈಯಿಂದ ತಿದ್ದಿ ತೀಡಿ ಮಾಡಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪಿನ್ನುಗಳನ್ನು ಕೈಯಿಂದಲೇ ತುಂಬಬೇಕಿತ್ತು. ನ್ಯೂಯಾರ್ಕಿನ ಉದ್ಯಮಿ ಲಿಯಾನ್ ಹರ್ಷ್ ವೈದ್ಯರೂ ಅಲ್ಲ, ಎಂಜಿನಿಯರೂ ಅಲ್ಲ. ಆದರೂ ರಷ್ಯನ್ ಸ್ಟೇಪ್ಲರನ್ನು ಕಂಡ ಅವರಿಗೆ ಕೊರತೆ ಎಲ್ಲಿದೆ ಎಂಬುದು ಹೊಳೆಯಿತು. ರಾವಿಚ್ ಅವರನ್ನು ಕಂಡು ಮಾತಾಡಿ, 1964ರಲ್ಲಿ ಕಂಪನಿ ಕಟ್ಟಿ, 1967ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ಟೇನ್‌ಲೆಸ್ ಉಕ್ಕಿನ ಹಿಡಿ ಮತ್ತು ಕಾರ್ಖಾನೆಯಲ್ಲೇ ಪಿನ್ನು ತುಂಬಿ, ಕ್ರಿಮಿಶುದ್ಧ ಮಾಡಿ ಕಟ್ಟಿದ ಕಾರ್ಟ್ರಿಜ್. ಹಿಡಿಯನ್ನು ತೊಳೆದು, ಆವಿಯಲ್ಲಿ ಬೇಯಿಸಿ ಮತ್ತೆ ಮತ್ತೆ ಬಳಸಬಹುದು, ಕಾರ್ಟ್ರಿಜ್ ಒಮ್ಮೆ ಬಳಸಿದರೆ ಕಸದ ಪಾಲು. ಕ್ಷೌರದ ರೇಜರ್ ಮತ್ತು ಬ್ಲೇಡಿನ ಸಂಬಂಧವೇ ಶಸ್ತ್ರಕ್ರಿಯೆಗೂ ಬಂದಂತಾಯಿತು. ಸ್ಟೇಪ್ಲರ್ ಲೋಕದ ಆಸ್ಪತ್ರೆಗಳಿಗೆಲ್ಲ ನುಗ್ಗಿದ್ದು ಆಮೇಲೆ.

ಕಾರ್ಟ್ರಿಜ್ ಒಳಗೆ ನಡೆಯುವುದು ಸರಳ. ಉಪಕರಣಕ್ಕೆ ಎರಡು ದವಡೆ. ಒಂದರಲ್ಲಿ ಕಾರ್ಟ್ರಿಜ್, ಇನ್ನೊಂದು ಕಮ್ಮಾರನ ಅಡಿಗಲ್ಲಿನಂತೆ ಗಟ್ಟಿಯಾದ ಪಟ್ಟಿ. ಪಟ್ಟಿಯ ಮೈಮೇಲೆ ಪ್ರತಿ ಪಿನ್ನಿನ ಎರಡೂ ಕಾಲುಗಳಿಗೆ ಒಂದೊಂದು ಪುಟ್ಟ ಗುಳಿ. ನಡುವೆ ಕರುಳನ್ನಿಟ್ಟು ದವಡೆ ಮುಚ್ಚಿ ಕೆಲವು ಸೆಕೆಂಡು ಕಾಯುತ್ತಾರೆ, ಅಂಗಾಂಶದಲ್ಲಿನ ನೀರಿನಂಶ ಸರಿಯಲೆಂದು. ಆಮೇಲೆ ಹಿಡಿಯನ್ನು ಒತ್ತಿದರೆ ಒಂದು ಬೆಣೆ ಕಾರ್ಟ್ರಿಜ್ ಉದ್ದಕ್ಕೂ ಸರಿಯುತ್ತ ಪಿನ್ನುಗಳನ್ನು ಸಾಲಾಗಿ ಮೇಲಕ್ಕೆ ನೂಕುತ್ತದೆ. ಕಾಲುಗಳು ಕರುಳನ್ನು ದಾಟಿ ಗುಳಿಗೆ ತಾಗಿ ಒಳಮುಖವಾಗಿ ಬಾಗಿ ‘ಬಿ’ ಆಗುತ್ತವೆ. ಆ ಎರಡು ಹೊಟ್ಟೆಗಳ ಸಂದಿನಲ್ಲಿ ಸಣ್ಣ ರಕ್ತನಾಳಗಳು ಹರಿಯುತ್ತಲೇ ಇರುವುದರಿಂದ ಅಂಚು ಸಾಯುವುದಿಲ್ಲ. ಸಾಲುಗಳು ಗೋಡೆಯ ಇಟ್ಟಿಗೆಯಂತೆ ಒಂದರ ಸಂದಿಗೆ ಇನ್ನೊಂದು ಬರುವ ಹಾಗಿರುತ್ತವೆ. ಕತ್ತರಿಸುವ ಬಗೆಯ ಸ್ಟೇಪ್ಲರಿನಲ್ಲಿ ಬೆಣೆಯ ಬೆನ್ನಿಗೇ ಒಂದು ಅಲಗು ಬಂದು ಸಾಲುಗಳ ನಡುವೆ ಕೊಯ್ಯುತ್ತದೆ.

ಅಳತೆಗಳನ್ನು ನೋಡಿ. ನೀಲಿ ಬಣ್ಣದ ಕಾರ್ಟ್ರಿಜ್‌ನಲ್ಲಿ ಸಾಮಾನ್ಯವಾಗಿ 3.5 ಮಿಲಿಮೀಟರ್ ಕಾಲಿನ ಪಿನ್ನು. ಬಾಗಿದ ಮೇಲೆ ಅದರ ಎತ್ತರ 1.5. ಹಸಿರಿನದು 4.8, ಬಾಗಿದ ಮೇಲೆ 2. ರಕ್ತನಾಳಕ್ಕೆ ಬಳಸುವ ಬಿಳಿಯದು 2.5, ಬಾಗಿದ ಮೇಲೆ 1. ಈ ಬಣ್ಣಗಳು ರೂಢಿಯವು, ಎಲ್ಲ ತಯಾರಕರಲ್ಲಿ ಒಂದೇ ಅಲ್ಲ. ತಂತಿಯ ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು. ಇಷ್ಟು ಸಣ್ಣ ಕಾಲು ಗುಳಿಯಲ್ಲೇ ಬೀಳಬೇಕಾದರೆ ಕಾರ್ಟ್ರಿಜ್ ತನ್ನ ಪೀಠದಲ್ಲಿ ಅಲುಗದೆ, ಓರೆಯಾಗದೆ ಕೂತಿರಬೇಕು. ಹೂಟಗಳ್ಳಿಯ ಲೇತ್ ಮುಂದೆ ಇನ್ಸರ್ಟ್ ಅಡಿಯ ಚೂರನ್ನು ಒರೆಸಿದಂತೆ, ಇಲ್ಲಿ ನರ್ಸ್ ಹಳೆಯ ಕಾರ್ಟ್ರಿಜ್ ಕಳಚಿದ ಮೇಲೆ ದವಡೆಯನ್ನು ಶುದ್ಧ ದ್ರಾವಣದಲ್ಲಿ ಅಲುಗಿಸಿ ತೊಳೆಯುತ್ತಾರೆ. ಒಂದು ಬಿಡಿ ಪಿನ್ನು ಅಲ್ಲಿ ಉಳಿದುಕೊಂಡರೆ ಹೊಸ ಕಾರ್ಟ್ರಿಜ್ ಸರಿಯಾಗಿ ಕೂರುವುದಿಲ್ಲ, ಕೂತಂತೆ ಮಾತ್ರ ಕಾಣುತ್ತದೆ.

ಜೋಡಿಸುವ ವಿಧಾನಗಳು ಹಲವು. ಕಾರ್ಟ್ರಿಜ್ ಒಂದನ್ನೇ ದವಡೆಯ ಗಾಡಿಗೆ ಇಳಿಸಿ ‘ಕ್ಲಿಕ್’ ಎನ್ನುವವರೆಗೆ ಒತ್ತುವುದು ಒಂದು. 1990ರ ದಶಕದಲ್ಲಿ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಶಸ್ತ್ರಕ್ರಿಯೆ ಮಾಡುವ ಪದ್ಧತಿ ಹರಡಿದಾಗ ಇನ್ನೊಂದು ವಿಧಾನ ನೆಲೆಯೂರಿತು. ಅದರಲ್ಲಿ ದವಡೆ ಸಮೇತ ಇಡೀ ಬಾಯಿಯೇ ಬದಲಾಗುತ್ತದೆ. ಉದ್ದ ಕೊಳವೆಯ ತುದಿಗೆ ಅದನ್ನು ಒತ್ತಿ ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ, ನಮ್ಮ ಮನೆಗಳಲ್ಲಿ ಎರಡು ಮೊಳೆಯ ಬಲ್ಬನ್ನು ಹೋಲ್ಡರಿಗೆ ಹಾಕುವ ಹಾಗೆಯೇ. ಇದರಲ್ಲಿ ಪ್ರತಿ ಸಲವೂ ಹೊಸ ಅಡಿಗಲ್ಲು, ಹೊಸ ಅಲಗು ಸಿಗುತ್ತವೆ, ಜೊತೆಗೆ ಖರ್ಚೂ ಏರುತ್ತದೆ. ಮೋಟಾರಿನಿಂದ ನಡೆಯುವ ಇತ್ತೀಚಿನ ಕೆಲವು ಹಿಡಿಗಳು ಸಿಕ್ಕಿಸಿದ ಬಾಯಿ ಯಾವುದು ಎಂಬುದನ್ನು ಅದರಲ್ಲಿನ ಚಿಪ್ ಓದಿ ತಿಳಿದುಕೊಳ್ಳುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಬೀಗ. ಖಾಲಿ ಕಾರ್ಟ್ರಿಜ್ ಇಟ್ಟುಕೊಂಡೇ ಯಾರಾದರೂ ಹಿಡಿಯನ್ನು ಒತ್ತಿದರೆ? ಪಿನ್ನು ಬೀಳುವುದಿಲ್ಲ, ಅಲಗು ಮಾತ್ರ ಮುಂದೆ ಸಾಗಿ ಕರುಳನ್ನು ಸೀಳಿಬಿಡುತ್ತದೆ. ಅದಕ್ಕಾಗಿ ಹೊಸ ಕಾರ್ಟ್ರಿಜ್‌ನ ಬೆಣೆ ಹಿಂದೆ ಇದ್ದಾಗ ಮಾತ್ರ ಅಲಗಿಗೆ ದಾರಿ ಬಿಡುವ ಏರ್ಪಾಡು ಇರುತ್ತದೆ. ಬಳಸಿದ ಕಾರ್ಟ್ರಿಜ್‌ನಲ್ಲಿ ಬೆಣೆ ಆಗಲೇ ಮುಂದಕ್ಕೆ ಹೋಗಿರುವುದರಿಂದ ಅಲಗು ತಡೆಗೆ ಸಿಕ್ಕಿ ನಿಲ್ಲುತ್ತದೆ. ಬಳಸಿದ್ದಕ್ಕೆ ಪಿನ್ನು ತುಂಬಿ ಮತ್ತೆ ಹೂಡುವ ಚಪಲ ಯಾರಿಗಾದರೂ ಬಂದರೆ ಅವರು ಮೋಸ ಮಾಡುತ್ತಿರುವುದು ಈ ಬೀಗಕ್ಕೇ.

ಉಳಿಯುವ ಹಿಡಿಗೂ ತನ್ನದೇ ಕಷ್ಟವಿದೆ. ಕೀಲುಗಳ ಸಂದಿನಲ್ಲಿ ರಕ್ತ ಒಣಗಿದರೆ ಆವಿಯೂ ಅಲ್ಲಿಗೆ ತಲುಪದು. ಬಿಚ್ಚಿ ತೊಳೆದ ಮೇಲೆಯೇ ಆಟೋಕ್ಲೇವ್. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದು ಇಲ್ಲಿ ನೆನಪಿಡಬೇಕಾದ ಸಂಗತಿ. ಕರಾವಳಿಯಲ್ಲಿ ಒತ್ತಡದ ಮುಳ್ಳು 15 ಪೌಂಡ್ ತೋರಿಸಿದಾಗ ಒಳಗೆ 121 ಡಿಗ್ರಿ ಸೆಲ್ಸಿಯಸ್ ಇದ್ದರೆ, ಇಲ್ಲಿ ಅದೇ ಮುಳ್ಳಿಗೆ ಒಂದೂವರೆ ಡಿಗ್ರಿಯಷ್ಟು ಕಡಿಮೆ. ಹಾಗಾಗಿ ಮುಳ್ಳಿಗಿಂತ ಉಷ್ಣಮಾಪಕವನ್ನು ನಂಬುವುದು ಲೇಸು. ‘ಮತ್ತೆ ಪಿನ್ನು ಹಾಕಬಹುದಾದದ್ದು’ ಎಂದು ಮಾರುವ ಹಿಡಿಗಳಲ್ಲೂ ಎರಡು ಬಗೆ. ಉಕ್ಕಿನದು ರೋಗಿಯಿಂದ ರೋಗಿಗೆ ಸಾಗಬಹುದು. ಪ್ಲಾಸ್ಟಿಕ್ಕಿನದು ಒಬ್ಬ ರೋಗಿಯ ಒಂದೇ ಶಸ್ತ್ರಕ್ರಿಯೆಯಲ್ಲಿ ಹಲವು ಕಾರ್ಟ್ರಿಜ್ ಕಂಡು ಅಲ್ಲಿಗೇ ಮುಗಿಯಬೇಕು. ಎರಡನ್ನೂ ಒಂದೇ ಎಂದು ಎಣಿಸುವುದು ಅಪಾಯ.

ಅಪಾಯ ಎಷ್ಟೆಂಬುದಕ್ಕೆ ಅಮೆರಿಕದ ಎಫ್‌ಡಿಎ 2019ರಲ್ಲಿ ಲೆಕ್ಕ ಕೊಟ್ಟಿತು. 2011ರ ಜನವರಿಯಿಂದ 2018ರ ಮಾರ್ಚ್‌ವರೆಗೆ ಶರೀರದೊಳಗೆ ಬಳಸುವ ಸ್ಟೇಪ್ಲರ್ ಮತ್ತು ಪಿನ್ನುಗಳ ಬಗ್ಗೆ ಬಂದ ವರದಿಗಳು 41,000ಕ್ಕೂ ಹೆಚ್ಚು. ಅವುಗಳಲ್ಲಿ 366 ಸಾವಿನವು. ಪಿನ್ನು ಸರಿಯಾಗಿ ಬಾಗದಿರುವುದು, ಸಾಲು ಬಿಚ್ಚಿಕೊಳ್ಳುವುದು, ಅಂಗಾಂಶದ ದಪ್ಪಕ್ಕೆ ಹೊಂದದ ಪಿನ್ನನ್ನು ಆರಿಸುವುದು ಅದು ಎಣಿಸಿದ ತೊಂದರೆಗಳಲ್ಲಿ ಕೆಲವು. 2021ರಲ್ಲಿ ಈ ಸ್ಟೇಪ್ಲರುಗಳನ್ನು ಅದು ಹೆಚ್ಚು ಬಿಗಿಯಾದ ನಿಯಮಗಳ ವರ್ಗಕ್ಕೆ ಏರಿಸಿತು. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಸೇರಿದವು.

ಹಾಗಾದರೆ ಕೈಹೊಲಿಗೆಯೇ ಸಾಲದೆ? ಬಹಳ ಕಡೆ ಸಾಕು. ನುರಿತ ಕೈಯ ಹೊಲಿಗೆ ಯಂತ್ರಕ್ಕೆ ಸೋಲುವುದಿಲ್ಲ, ಅಗ್ಗವೂ ಹೌದು. ಆದರೆ ಸೊಂಟದೆಲುಬಿನ ಇಕ್ಕಟ್ಟಿನೊಳಗೆ, ಗುದದ್ವಾರಕ್ಕೆ ತೀರಾ ಹತ್ತಿರದಲ್ಲಿ ಗಡ್ಡೆ ಇದ್ದರೆ ಸೂಜಿ ಆಡಿಸಲು ಜಾಗವಿರುವುದಿಲ್ಲ. ದುಂಡನೆಯ ಸ್ಟೇಪ್ಲರ್ ಬರುವ ಮುನ್ನ ಅಂಥ ಅನೇಕರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಜೀವನಪರ್ಯಂತದ ಸಂಗಾತಿಯಾಗುತ್ತಿತ್ತು. ಅವರ ಪಾಲಿಗೆ ಈ ಯಂತ್ರ ಶೋಕಿಯದಲ್ಲ.

ಉಳಿದದ್ದು ಹಣದ ಮಾತು. ಒಂದು ಕಂಪನಿಯ ಕಾರ್ಟ್ರಿಜ್ ಸಾಮಾನ್ಯವಾಗಿ ಇನ್ನೊಂದರ ಹಿಡಿಗೆ ಕೂರುವುದಿಲ್ಲ. ಕೂಡುವ ಜಾಗದ ತೋಡು, ಗಾಡಿ, ಬೀಗಗಳ ಮೇಲೆಲ್ಲ ಪೇಟೆಂಟುಗಳು. ರೇಜರ್ ಮಾರುವವನ ಲಾಭ ಬ್ಲೇಡಿನಲ್ಲಿ ಇರುವಂತೆ ಇಲ್ಲಿಯ ಲಾಭ ಕಾರ್ಟ್ರಿಜ್‌ನಲ್ಲಿ. ಹಿಡಿಯನ್ನು ಕೊಂಡ ಆಸ್ಪತ್ರೆ ಅದೇ ಮನೆಯ ಪಿನ್ನಿಗೆ ಕಟ್ಟುಬೀಳುತ್ತದೆ. ಹಿಡಿಯನ್ನು ಮಾಡುವಷ್ಟು ಕೌಶಲ ಮೈಸೂರಿನ ಟೂಲ್‌ರೂಮುಗಳಿಗೆ ಹೊಸದಲ್ಲ. 2020ರ ಕೊರೋನಾ ಕಾಲದಲ್ಲಿ ಇದೇ ನಗರದ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದಲ್ಲಿ ಬಿಇಎಲ್ 30,000 ವೆಂಟಿಲೇಟರುಗಳನ್ನು ತಯಾರಿಸಿತು. ಕಷ್ಟವಿರುವುದು ಕಾರ್ಟ್ರಿಜ್‌ನಲ್ಲಿ: ಡಜನುಗಟ್ಟಲೆ ಪಿನ್ನುಗಳು, ಬಹುಮಟ್ಟಿಗೆ ಟೈಟೇನಿಯಮ್ ತಂತಿಯವು, ಒಂದೂ ಓರೆಯಾಗದಂತೆ, ಲಕ್ಷಗಳ ಸಂಖ್ಯೆಯಲ್ಲಿ ಪ್ರತಿಯೊಂದೂ ಒಂದೇ ಹದದಲ್ಲಿ. ಅದು ಕೈಗೂಡುವವರೆಗೆ ಸ್ಟೇಪ್ಲರ್ ಕೊಳ್ಳುವ ಆಸ್ಪತ್ರೆ ಹಿಡಿಯ ಬೆಲೆಯನ್ನು ಕೇಳುವ ಮೊದಲು, ಮುಂದಿನ ಐದು ವರ್ಷಕ್ಕೆ ಬೇಕಾಗುವ ಕಾರ್ಟ್ರಿಜ್‌ಗಳ ಬೆಲೆಯನ್ನು ಕೂಡಿ ನೋಡುವುದು ಒಳ್ಳೆಯದು.