ಕಿರಿಬೆರಳೊಂದ ಬಿಟ್ಟು

ಬೆಳಿಗ್ಗೆ ಒಂಬತ್ತೂವರೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎಲುಬು-ಕೀಲು ವಿಭಾಗದ ಮುಂದೆ ಚೀಟಿ ಹಿಡಿದವರ ಪಾಳಿ. ಇವತ್ತು ಕೈಯ ತೊಂದರೆಗಳನ್ನು ನೋಡುವ ದಿನ. ಬೆಂಚಿನ ಮೇಲೆ ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಹೆಂಗಸು, ಒಬ್ಬ ಗೌಂಡಿ, ಟೈಲರ್, ಮಡಿಲಲ್ಲಿ ಕೂಸಿಟ್ಟುಕೊಂಡ ಬಾಣಂತಿ. ಕೈಯಿಂದಲೇ ಹೊಟ್ಟೆ ಹೊರೆಯುವವರು.

ಒಪ್ಪಿಗೆ ಪಡೆದು ಒಳಗೆ ಕೂತೆ. ಮೊದಲು ಬಂದವರು ರೊಟ್ಟಿಯ ಅಕ್ಕ.

“ಎಷ್ಟು ದಿನದಿಂದ ಐತ್ರೀ ಅಕ್ಕಾರ?”

“ಎರಡು ವರ್ಷ ಆತ್ರೀ. ನಡುರಾತ್ರಿ ಕೈ ಜೋಮು ಹಿಡದು ಎಚ್ಚರಾಗ್ತದ. ಎದ್ದು ಝಾಡಿಸಿದ ಮ್ಯಾಲೆ ನಿದ್ದಿ.”

“ಐದೂ ಬೆರಳಿಗೇನ್ರೀ?”

ಆಕೆ ಒಂದೊಂದೇ ಬೆರಳು ಮುಟ್ಟಿ ನೋಡಿಕೊಂಡರು. “ಕಿರಿಬೆರಳೊಂದ ಬಿಟ್ಟು.”

ವೈದ್ಯರು ತಲೆಯಾಡಿಸಿದರು. ಆ ಒಂದು ಮಾತಿನಲ್ಲಿ ಅರ್ಧ ರೋಗ ಪತ್ತೆಯಾಗಿತ್ತು. ಅಂಗೈ ಬುಡದಲ್ಲಿ ಮೂಳೆಗಳ ಮೇಲೆ ಗಟ್ಟಿ ಪಟ್ಟಿಯೊಂದು ಚಾವಣಿಯಂತೆ ಹಾದಿದೆ. ಅದರಡಿಯ ಇಕ್ಕಟ್ಟು ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಸಾಗುತ್ತವೆ. ಒಳಗೆ ಬಾವು ಬಂದರೆ ಮೊದಲು ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಭಾಗ ಅದರ ಪಾಲಿಗೆ. ಕಿರುಬೆರಳಿನ ನರ ಈ ಸುರಂಗದ ಹೊರಗೆ ಹೋಗುತ್ತದೆ. ಸುರಂಗದಲ್ಲಿ ನರ ನಲುಗುವ ಈ ತೊಂದರೆಯೇ ಕಾರ್ಪಲ್ ಟನಲ್ ಸಿಂಡ್ರೋಮ್.

ಅಕ್ಕ ಎರಡೂ ಮಣಿಕಟ್ಟು ಮಡಚಿ, ಅಂಗೈಗಳ ಹಿಂಬದಿ ಜೋಡಿಸಿ ಹಿಡಿದರು. ಒಂದು ನಿಮಿಷ ತುಂಬುವ ಮೊದಲೇ ಜೋಮು ಬಂತು. ಬಳಿಕ ವೈದ್ಯರು ಪೇಪರ್ ಕ್ಲಿಪ್ ಒಂದನ್ನು ಬಿಡಿಸಿ ಎರಡು ಮೊನೆ ಮಾಡಿ, ಐದಾರು ಮಿಲಿಮೀಟರ್ ಅಂತರದಲ್ಲಿ ಬೆರಳ ತುದಿಗೆ ಮುಟ್ಟಿಸಿದರು. “ಕಣ್ಣು ಮುಚ್ಚ್ರಿ. ಒಂದೋ, ಎರಡೋ?” ಕಿರುಬೆರಳಿನಲ್ಲಿ ಎರಡೆಂದರು. ನಡುಬೆರಳಿನಲ್ಲಿ “ಒಂದ” ಎಂದರು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಚೀಟಿ ಬರೆದಾಯಿತು. ಇವೆರಡರ ಏರುಪೇರೂ ಈ ತೊಂದರೆಯ ಹಿಂದಿರಬಹುದು. ನರದ ವೇಗ ಅಳೆಯುವ ಯಂತ್ರದ ಸರದಿ ಆಮೇಲೆ.

ಕಿರುಬೆರಳೇ ಜೋಮು ಹಿಡಿದರೆ ಹುಡುಕುವ ದಾರಿ ಬೇರೆ. ಮೊಣಕೈ ಹಿಂದೆ ಹಾಯುವ ಅಲ್ನಾರ್ ನರವನ್ನು ಸವರಿ ನೋಡಬೇಕು. ಜೊತೆಗೆ ಚರ್ಮದಲ್ಲಿ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠದ ಶಂಕೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ. ಕುಷ್ಠದಿಂದ ಮುದುಡಿದ ಬೆರಳುಗಳಿಗೆ ಸ್ನಾಯುರಜ್ಜು ಬದಲಿಸಿ ಜೋಡಿಸಿ ಮತ್ತೆ ಹಿಡಿತ ತಂದುಕೊಟ್ಟ ವೈದ್ಯ ಪಾಲ್ ಬ್ರಾಂಡ್ ಕೆಲಸ ಮಾಡಿದ್ದು ನಮ್ಮ ನೆರೆರಾಜ್ಯದ ವೆಲ್ಲೂರಿನಲ್ಲೇ.

ಗೌಂಡಿಯ ಉಂಗುರ ಬೆರಳು ಮಡಚಿದರೆ ಸಿಕ್ಕಿಕೊಂಡು, ಬಿಡಿಸುವಾಗ ಟಕ್ ಎನ್ನುತ್ತದೆ. ಬೆರಳ ಬುಡದಲ್ಲಿ ರಜ್ಜು ದಪ್ಪಗಾಗಿ ತನ್ನ ಬಳೆಯಲ್ಲಿ ತೂರಲಾರದು. ಇದು ಟ್ರಿಗರ್ ಫಿಂಗರ್. ಹೆಚ್ಚಿನವರಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಸಾಕು. ಗೌಂಡಿಗೆ ಸಕ್ಕರೆ ಕಾಯಿಲೆಯಿದೆ; ಚುಚ್ಚುಮದ್ದಿನ ನಂತರ ಕೆಲವು ದಿನ ಸಕ್ಕರೆ ಏರಬಹುದೆಂದು ಮೊದಲೇ ಎಚ್ಚರಿಸಿದರು. ಬಾಣಂತಿಗೆ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವು. 1895ರಲ್ಲೇ ಸ್ವಿಸ್ ವೈದ್ಯ ಡಿ ಕ್ವೆರ್ವೇನ್ ವಿವರಿಸಿದ ಬೇನೆ. ಹೆಬ್ಬೆರಳು ಅಗಲಿಸಿ ಕೂಸನ್ನು ಮತ್ತೆ ಮತ್ತೆ ಎತ್ತುವುದರಿಂದ ಹೆಚ್ಚುತ್ತದೆ. ಅಂಗೈ ಮೇಲೆ ಮಾಡಿ, ಕೂಸಿನ ಬೆನ್ನಡಿ ಕೈಕೊಟ್ಟು ಎತ್ತುವುದನ್ನು ನರ್ಸಮ್ಮ ಮಾಡಿ ತೋರಿಸಿದರು.

ಪಕ್ಕದ ಕೋಣೆಯಲ್ಲಿ ವಯಸ್ಸಾದ ಟೈಲರ್ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದರು. ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿ ಗುಳಿ ಬಿದ್ದಿತ್ತು. ಕಾರ್ಪಲ್ ಟನಲ್ಲೇ, ಆದರೆ ಬಹಳ ವರ್ಷ ನುಂಗಿಕೊಂಡಿದ್ದರು. ಸುರಂಗದ ಚಾವಣಿಯ ಪಟ್ಟಿ ಬಿಡಿಸುವ ಚಿಕ್ಕ ಶಸ್ತ್ರಚಿಕಿತ್ಸೆಯಾಗಿದೆ. ರಾತ್ರಿಯ ನೋವು ಹೋಗಿದೆ. ಕರಗಿದ ಮಾಂಸಖಂಡ ಪೂರ್ತಿ ಮರಳುವ ಭರವಸೆ ಮಾತ್ರ ಇಲ್ಲ. ಆ ಗುಳಿ ನೋಡಿದಾಗ ನನ್ನ ಕರುಳು ಚುರ್ ಎಂದಿತು. ದುಡಿಯುವ ಕೈಗೆ ಜೋಮು ಸಹಜವೆಂದು ನಾವೆಲ್ಲ ಎಷ್ಟು ಸುಲಭವಾಗಿ ನಂಬಿದ್ದೇವೆ!

ರೊಟ್ಟಿಯ ಅಕ್ಕನ ಉಬ್ಬು ಇನ್ನೂ ತುಂಬಿಯೇ ಇತ್ತು. ಮಣಿಕಟ್ಟು ನೆಟ್ಟಗೆ ಹಿಡಿಯುವ ಪಟ್ಟಿ ಕೊಟ್ಟು, ರಾತ್ರಿ ಕಟ್ಟಿಕೊಳ್ಳಿ, ಆರು ವಾರಕ್ಕೆ ಬನ್ನಿ ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ನಮ್ಮ ನೆಗೆಣ್ಣಿನೂ ಒಂದು ತಿಂಗಳಿಂದ ರಾತ್ರಿ ಕೈ ಝಾಡಸ್ತಾಳ್ರೀ. ಕರಕೊಂಡು ಬರ್ಲೇನ್ರೀ?”

“ಮುಂದಿನ ವಾರನ ಕರಕೊಂಡು ಬರ್ರಿ,” ಎಂದರು ವೈದ್ಯರು.